ಅಂಗೈಯಲ್ಲಿ ಮೈಸೂರು ರಾಕೆಟ್

ಹಾವೇರಿ ಜಿಲ್ಲೆಯ ಸವಣೂರು ಹದಿನೆಂಟನೆಯ ಶತಮಾನದಲ್ಲಿ ಮೇಲಿಂದ ಮೇಲೆ ದಂಡು ಕಂಡ ಊರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ನಿಜಾಮನನ್ನು ಜೊತೆಗೆ ಕರೆದುಕೊಂಡು ಬಂದು ಅದಕ್ಕೆ ಮುತ್ತಿಗೆ ಹಾಕಿದ. ಫ್ರೆಂಚ್ ಸೇನಾನಿ ಬುಸಿಯ ಫಿರಂಗಿಗಳೂ ಆ ಮುತ್ತಿಗೆಯಲ್ಲಿದ್ದವು. 1764ರ ಹೊತ್ತಿಗೆ ಹೈದರ್ ಅಲಿ ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನನ್ನು ಸೋಲಿಸಿದ. ಅದೇ 1764ರಲ್ಲಿ, ಇತ್ತೀಚಿನವರೆಗೂ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ರಟ್ಟಿಹಳ್ಳಿಯಲ್ಲಿ ಪೇಶ್ವೆ ಮಾಧವರಾಯನ ಎದುರು ಹೈದರನೇ ಸೋತ. 1786ರಲ್ಲಿ ಟಿಪ್ಪು ಸುಲ್ತಾನ ಮರಾಠರನ್ನು ಹಿಂದಕ್ಕೆ ಸರಿಸಿ ಸವಣೂರನ್ನು ಹಿಡಿದ.

ಈ ಸೈನ್ಯಗಳಲ್ಲಿ ಮೈಸೂರಿನ ದಂಡಿಗೆ ಹೆಸರು ತಂದ ಆಯುಧವೊಂದಿತ್ತು. ಅದು ಕಬ್ಬಿಣದ ಕೊಳವೆಯ ರಾಕೆಟ್. 1780ರ ಪೊಳ್ಳಿಲೂರು ಕದನದಿಂದ 1799ರ ಶ್ರೀರಂಗಪಟ್ಟಣದ ಮುತ್ತಿಗೆಯವರೆಗೆ ಬ್ರಿಟಿಷರು ಅದರ ಹೊಡೆತ ತಿಂದರು. ಬಳಿಕ ಅದನ್ನು ತಮ್ಮ ನಾಡಿಗೆ ಒಯ್ದು ಅಭ್ಯಾಸ ಮಾಡಿದರು. ಪಾಠಪುಸ್ತಕದಲ್ಲಿ ಈ ರಾಕೆಟ್ಟಿನ ಹೆಸರು ಓದಿದವರು ಬಹಳ ಮಂದಿ ಇದ್ದಾರೆ. ಅದು ಎಷ್ಟು ಉದ್ದವಿತ್ತು, ಎಷ್ಟು ದಪ್ಪವಿತ್ತು, ಬಾಲಕ್ಕೆ ಏನು ಕಟ್ಟುತ್ತಿದ್ದರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಒಂದು ಒಳ್ಳೆಯ ದಾರಿ ಇದೆ: ಅದರ ಕಿರುಮಾದರಿಯನ್ನು ಅಳತೆಗೆ ಸರಿಯಾಗಿ ನಮ್ಮ ಕೈಯಿಂದಲೇ ಮಾಡುವುದು.

ಯುದ್ಧ ಮಾದರಿಗಳನ್ನು ಮಾಡುವ ಹವ್ಯಾಸ ಜಗತ್ತಿನ ತುಂಬ ಇದೆ. ಬಹುಪಾಲು ಜನ ಪ್ಲಾಸ್ಟಿಕ್ ಕಿಟ್ ಕೊಂಡು ತುಂಡುಗಳನ್ನು ಅಂಟಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಕಿಟ್‌ಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧದ ಟ್ಯಾಂಕು, ವಿಮಾನಗಳವು. ಬೇಕಾದ ವಸ್ತು ಕಿಟ್‌ನಲ್ಲಿ ಇಲ್ಲದಾಗ ತಗಡು, ತಂತಿ, ಪ್ಲಾಸ್ಟಿಕ್ ಹಾಳೆ, ಬಿದಿರು ಮುಂತಾದ ಕಚ್ಚಾ ಸಾಮಗ್ರಿಯಿಂದಲೇ ಅದನ್ನು ಮೊದಲಿಂದ ಕಡೆಯವರೆಗೆ ಮಾಡುವುದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಇಲ್ಲಿ ಅಳತೆ ಹುಡುಕುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಎಲ್ಲ ತೀರ್ಮಾನವೂ ಮಾಡುವವರದೇ. ಆದ್ದರಿಂದಲೇ ಯಂತ್ರವೊಂದನ್ನು ಒಳಹೊಕ್ಕು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪ್ರಮಾಣ ಎಂಬ ಕಟ್ಟುಪಾಡು

ಆಯುಧಗಳನ್ನು ಕಿರಿದಾಗಿಸಿ ತೋರಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ಹೊಯ್ಸಳ ವೀರಬಲ್ಲಾಳ 1196ರಲ್ಲಿ ಹಾನಗಲ್ಲಿನ ಮೇಲೆ ಏರಿಬಂದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೋರಾಡಿ ಸತ್ತ. ಆ ಕಾಳಗದ ನೆನಪನ್ನು ಹಾನಗಲ್ಲಿನ ವೀರಗಲ್ಲು ಇಂದಿಗೂ ಉಳಿಸಿಕೊಂಡಿದೆ. ವೀರಗಲ್ಲಿನ ಶಿಲ್ಪಿ ಕತ್ತಿ, ಗುರಾಣಿ, ಬಿಲ್ಲು, ಕುದುರೆ, ಆನೆ ಎಲ್ಲವನ್ನೂ ಗೇಣುದ್ದದ ಪಟ್ಟಿಯಲ್ಲಿ ಕೂರಿಸುತ್ತಿದ್ದ. ಆದರೆ ಅವನ ಲೆಕ್ಕವೇ ಬೇರೆ. ವೀರನಿಗೆ ಹೆಚ್ಚು ಜಾಗ, ಶತ್ರುವಿಗೆ ಕಡಿಮೆ ಜಾಗ; ಆನೆ ಕೂಡ ಕಲ್ಲಿನಲ್ಲಿ ಉಳಿದ ಜಾಗಕ್ಕೆ ಹೊಂದಿಕೊಳ್ಳಬೇಕು. ಆಯುಧದ ಆಕಾರ ಹೇಗಿತ್ತು, ಅದನ್ನು ಹೇಗೆ ಹಿಡಿಯುತ್ತಿದ್ದರು ಎಂಬುದನ್ನು ವೀರಗಲ್ಲು ತಿಳಿಸುತ್ತದೆ. ಅದರ ಮೇಲೆ ಪಟ್ಟಿ ಇಟ್ಟು ಅಳೆದು ನಿಜದ ಉದ್ದ ಕಂಡುಹಿಡಿಯಲು ಆಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಹಳ್ಳಿಯ ಬದುಕನ್ನು, ಅಲ್ಲಿನ ಕಸುಬುಗಳನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ ಜಾಗ ಅದು. ಅಲ್ಲಿನ ಪ್ರಮಾಣ ಒಂದಕ್ಕೆ ಒಂದು.

ಇವೆರಡರ ನಡುವೆ ನಿಲ್ಲುವ ಕಿರುಮಾದರಿಯ ನಿಯಮ ಸರಳ, ಆದರೆ ಕಟ್ಟುನಿಟ್ಟು: ಎಲ್ಲ ಅಳತೆಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಸೈನಿಕ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:35. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಂತೆ ಗಾತ್ರ ಇಟ್ಟಿತು. ಅದು ನಿಜದ ಟ್ಯಾಂಕಿನ 35ನೇ ಒಂದು ಭಾಗವಾಗಿತ್ತು. ಮುಂದೆ ಅದೇ ರೂಢಿಯಾಯಿತು. ಈ ಪ್ರಮಾಣದಲ್ಲಿ 1.70 ಮೀಟರ್ ಎತ್ತರದ ಸಿಪಾಯಿ 48.6 ಮಿಲಿಮೀಟರಿಗೆ ಇಳಿಯುತ್ತಾನೆ.

ಅಳತೆ ಎಲ್ಲಿಂದ ಬಂತು

ಬೆಂಗಳೂರಿನ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಲಂಡನ್ನಿನ ವೂಲಿಚ್‌ನಲ್ಲಿದ್ದ ಬ್ರಿಟಿಷ್ ಫಿರಂಗಿದಳದ ಸಂಗ್ರಹದ ಎರಡು ಮೈಸೂರು ರಾಕೆಟ್‌ಗಳ ಅಳತೆಯನ್ನು ಅದರಲ್ಲಿ ಕೊಟ್ಟಿದ್ದಾರೆ. ಮೊದಲನೆಯದರ ಕೊಳವೆಯ ಹೊರವ್ಯಾಸ 58 ಮಿಲಿಮೀಟರ್, ಉದ್ದ 254 ಮಿಲಿಮೀಟರ್. ಅದನ್ನು ಸುಮಾರು 1.02 ಮೀಟರ್ ಉದ್ದದ ನೇರ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಬಿಗಿದಿದ್ದರು. ಎರಡನೆಯದು 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ. ಅದಕ್ಕೆ ಕಟ್ಟಿದ್ದು 1.90 ಮೀಟರಿನ ಬಿದಿರು.

ಈ ಅಂಕಿಗಳನ್ನು 35ರಿಂದ ಭಾಗಿಸೋಣ. ಕತ್ತಿಯ ರಾಕೆಟ್ಟಿನ ಕೊಳವೆ 1.66 ಮಿಲಿಮೀಟರ್ ದಪ್ಪ, 7.3 ಮಿಲಿಮೀಟರ್ ಉದ್ದ. ಕತ್ತಿ 29 ಮಿಲಿಮೀಟರ್. ಬಿದಿರಿನ ರಾಕೆಟ್ಟಿನ ಕೊಳವೆ 1.06 ಮಿಲಿಮೀಟರ್ ದಪ್ಪ, 5.7 ಮಿಲಿಮೀಟರ್ ಉದ್ದ. ಬಿದಿರು 54 ಮಿಲಿಮೀಟರ್. ಲೆಕ್ಕ ಮುಗಿಯುವಷ್ಟರಲ್ಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಬಿದಿರು ಅದನ್ನು ಹೊರುವ ಸಿಪಾಯಿಗಿಂತ ಉದ್ದವಾಗಿದೆ. ಅಂದರೆ ಇದು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಆಯುಧವಲ್ಲ. ಹೆಗಲ ಮೇಲೋ ಬಂಡಿಯ ಮೇಲೋ ಕಟ್ಟುಗಟ್ಟಿ ಒಯ್ಯಬೇಕಾದದ್ದು. ಓದಿ ಬಿಟ್ಟ ಅಂಕಿ ಇಷ್ಟನ್ನು ಹೇಳುವುದಿಲ್ಲ. ಸಿಪಾಯಿಯ ಪಕ್ಕದಲ್ಲಿ ಇಟ್ಟ ಮಾದರಿ ಹೇಳುತ್ತದೆ.

ಕೊಳವೆ, ಬಾಲ, ಕಟ್ಟು

ಇಷ್ಟು ಸಣ್ಣ ಲೋಹದ ಕೊಳವೆ ಸಿಗುವುದು ಔಷಧದ ಅಂಗಡಿಯಲ್ಲಿ. ಇಂಜೆಕ್ಷನ್ ಸೂಜಿಗಳ ದಪ್ಪಕ್ಕೆ ಗೇಜ್ ಎಂಬ ಅಳತೆ ಇದೆ. ಗೇಜ್ ಸಂಖ್ಯೆ ಏರಿದಂತೆ ಸೂಜಿ ಸಣ್ಣದಾಗುತ್ತದೆ. 16 ಗೇಜಿನ ಸೂಜಿಯ ಹೊರವ್ಯಾಸ 1.65 ಮಿಲಿಮೀಟರ್, ದನಕರುಗಳಿಗೆ ಬಳಸುವ ದಪ್ಪ ಸೂಜಿಗಳಲ್ಲಿ ಇದೂ ಒಂದು. 19 ಗೇಜಿನದು 1.07 ಮಿಲಿಮೀಟರ್. ವೂಲಿಚ್‌ನ ಎರಡೂ ರಾಕೆಟ್‌ಗಳಿಗೆ ಈ ಎರಡು ಸೂಜಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಹೊಸ, ಪೊಟ್ಟಣ ಒಡೆಯದ ಸೂಜಿಯನ್ನೇ ಕೊಳ್ಳಬೇಕು. ಒಮ್ಮೆ ಬಳಸಿದ ಸೂಜಿಯನ್ನು ಮುಟ್ಟಲೇಬಾರದು, ಅದರಿಂದ ರೋಗ ಅಂಟುತ್ತದೆ. ಮೊನೆಯನ್ನು ಮೊದಲು ಕತ್ತರಿಸಿ ತೆಗೆಯುವುದು, ಸಣ್ಣ ಅರದಿಂದ ತುದಿ ಉಜ್ಜುವುದು ದೊಡ್ಡವರ ಕೆಲಸ. ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ. ಕಣ್ಣಿಗೆ ಕನ್ನಡಕ ಇರಲಿ.

ಸೂಜಿಯ ಎರಡೂ ತುದಿ ತೆರೆದಿರುತ್ತದೆ, ರಾಕೆಟ್ಟಿನದು ಹಾಗಲ್ಲ. ಅದರ ಮುಂದಿನ ತುದಿ ಮುಚ್ಚಿರಬೇಕು, ಹಿಂದಿನ ತುದಿಯಲ್ಲಿ ಕಿರಿದಾದ ಕಂಡಿ ಇರಬೇಕು. ಎಂಸೀಲ್‌ನಂಥ ಮೆತ್ತೆಯಿಂದ ಎರಡೂ ಕಡೆ ಮುಚ್ಚಿ, ಹಿಂದೆ ಗುಂಡುಸೂಜಿಯಿಂದ ಚುಚ್ಚಿದರೆ ಆಯಿತು. ಆ ಪುಟ್ಟ ತೂತಿನಲ್ಲೇ ರಾಕೆಟ್ಟಿನ ವಿಜ್ಞಾನ ಅಡಗಿದೆ. ಒಳಗಿನ ಮದ್ದು ಉರಿದಾಗ ಹುಟ್ಟುವ ಅನಿಲ ಕಿರಿದಾದ ಕಂಡಿಯಿಂದ ಹೊರಬರಬೇಕಾದ್ದರಿಂದ ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತದೆ, ಅನಿಲ ವೇಗವಾಗಿ ಹಿಂದಕ್ಕೆ ಚಿಮ್ಮುತ್ತದೆ, ಕೊಳವೆ ಅಷ್ಟೇ ಬಲವಾಗಿ ಮುಂದಕ್ಕೆ ನೂಕಲ್ಪಡುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆ ಇಂಥ ಒತ್ತಡಕ್ಕೆ ಸಿಡಿದುಹೋಗುತ್ತದೆ. ಮೈಸೂರಿನವರು ಕಬ್ಬಿಣದ ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿದ್ದರಿಂದ ಅದು ಹೆಚ್ಚಿನ ಒತ್ತಡ ತಾಳಿತು. ರಾಕೆಟ್ ಒಂದು ಕಿಲೋಮೀಟರಿಗೂ ಮಿಕ್ಕಿ ಹಾರಲು ಮೂಲ ಕಾರಣ ಕಂಬಾರರ ಈ ಕೈಚಳಕವೇ.

ಇನ್ನು ಬಾಲ. ದೀಪಾವಳಿಯ ರಾಕೆಟ್ಟಿನ ಕಡ್ಡಿ ಮುರಿದರೆ ಅದು ನೆಟ್ಟಗೆ ಹಾರದೆ ಎಲ್ಲೆಂದರಲ್ಲಿ ನುಗ್ಗುತ್ತದೆ. ಹಾರುವ ವಸ್ತು ತನ್ನ ತೂಕದ ಕೇಂದ್ರದ ಸುತ್ತ ತಿರುಗುತ್ತದೆ. ಆ ಕೇಂದ್ರದ ಹಿಂದೆ ಉದ್ದವಾದ ಬಾಲ ಇದ್ದರೆ, ರಾಕೆಟ್ ಸ್ವಲ್ಪ ಓರೆಯಾದಾಗ ಗಾಳಿ ಬಾಲವನ್ನು ಒತ್ತಿ ಮತ್ತೆ ದಾರಿಗೆ ತರುತ್ತದೆ. ಬಿದಿರು ಉದ್ದವಾಗಿದ್ದು ಹಗುರವಾಗಿರುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ ವಸ್ತು. ವೂಲಿಚ್‌ನ ರಾಕೆಟ್ಟಿನಲ್ಲಿ ಬಿದಿರಿನ ಉದ್ದ ಕೊಳವೆಯ ಒಂಬತ್ತು ಪಟ್ಟಿಗೂ ಹೆಚ್ಚು. ಕತ್ತಿ ಕಟ್ಟಿದ್ದರಲ್ಲಿ ಬಾಲ ಕೊಳವೆಯ ನಾಲ್ಕು ಪಟ್ಟು ಮಾತ್ರ. ಕತ್ತಿ ಭಾರದ್ದೂ ಹೌದು. ಇಂಥ ರಾಕೆಟ್ ಅಷ್ಟು ನೇರವಾಗಿ ಹಾರುವುದು ಕಷ್ಟ. ಆದರೆ ಕುದುರೆ ದಂಡಿನ ನಡುವೆ ಬಿದ್ದು ಹೊರಳಿದರೆ ಅಲಗೇ ಗಾಯ ಮಾಡುತ್ತಿತ್ತು. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದೇ ಯಂತ್ರದ ಎರಡು ಉದ್ದೇಶಗಳು ತಾವಾಗಿಯೇ ಗೊತ್ತಾಗುತ್ತವೆ.

ಮಾದರಿಯ ಬಿದಿರಿಗೆ ಬಿದಿರೇ ಒಳ್ಳೆಯದು. ಊದಿನಕಡ್ಡಿಯ ಕಡ್ಡಿಯನ್ನು ಸೀಳಿ, ಉಕ್ಕಿನ ತಗಡಿನಲ್ಲಿ ಒಂದಕ್ಕಿಂತ ಒಂದು ಸಣ್ಣದಾಗಿ ಕೊರೆದ ತೂತುಗಳಲ್ಲಿ ಸಾಲಾಗಿ ಎಳೆದರೆ ಅದು ದುಂಡಗೆ, ತೆಳ್ಳಗೆ ಬರುತ್ತದೆ. ಅಕ್ಕಸಾಲಿಗರು ಬಂಗಾರದ ತಂತಿ ಎಳೆಯುವುದು ಇದೇ ರೀತಿ. ಆದರೆ ಬಿದಿರಿನ ಗೆಣ್ಣು ಮಾತ್ರ ಪ್ರಮಾಣಕ್ಕೆ ಇಳಿಯುವುದಿಲ್ಲ. ಅದನ್ನು ಅಂಟಿನ ಸಣ್ಣ ಹನಿಯಿಂದ ತಕ್ಕ ಅಂತರದಲ್ಲಿ ಎಬ್ಬಿಸಬೇಕು. ಕತ್ತಿಗೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸಾಕು. ಅದರ ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ ನಿಜದ ಲೆಕ್ಕದಲ್ಲಿ 3.5 ಮಿಲಿಮೀಟರಿನ ಅಲಗು. ತೊಗಲಿನ ಕಟ್ಟಿಗೆ ಟಿಶ್ಯೂ ಕಾಗದವನ್ನು ಎಳೆಯಷ್ಟು ಸಣ್ಣಗೆ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಸುತ್ತಬೇಕು. ತೊಗಲನ್ನೇ ಆಯ್ದದ್ದಕ್ಕೂ ಕಾರಣ ಊಹಿಸಬಹುದು: ಒದ್ದೆ ತೊಗಲು ಒಣಗುತ್ತ ಕುಗ್ಗಿ ಕಟ್ಟನ್ನು ಬಿಗಿ ಮಾಡುತ್ತದೆ, ಮತ್ತು ಹಗ್ಗದಂತೆ ಬೇಗ ಬೆಂಕಿ ಹತ್ತಿಸಿಕೊಳ್ಳುವುದಿಲ್ಲ.

ಕುಗ್ಗದ ಸಂಗತಿಗಳು

ಉದ್ದವನ್ನು 35ರಿಂದ ಭಾಗಿಸಿದಾಗ ಮೇಲ್ಮೈ 1,225ನೇ ಒಂದು ಭಾಗಕ್ಕೆ ಇಳಿಯುತ್ತದೆ, ಗಾತ್ರ ಮತ್ತು ತೂಕ 42,875ನೇ ಒಂದು ಭಾಗಕ್ಕೆ. ನಿಜದಲ್ಲಿ ನಾಲ್ಕು ಕಿಲೊ ತೂಗುವ ವಸ್ತು, ಅದೇ ಲೋಹದಲ್ಲಿ ಮಾಡಿದರೂ, ಮಾದರಿಯಲ್ಲಿ 93 ಮಿಲಿಗ್ರಾಂ ಮಾತ್ರ. ತೂಕ ಹೊರುವ ಶಕ್ತಿ ಅಡ್ಡಕೊಯ್ತದ ವಿಸ್ತಾರವನ್ನು ಅವಲಂಬಿಸುತ್ತದೆ; ತೂಕ ಅದಕ್ಕಿಂತ ವೇಗವಾಗಿ ಕಡಿಮೆಯಾಗುವುದರಿಂದ ಎಳೆಯಂಥ ಬಿದಿರೂ ತನ್ನ ಭಾರಕ್ಕೆ ಬಾಗದೆ ನಿಲ್ಲುತ್ತದೆ. ಇದು ಮಾದರಿ ಮಾಡುವವರಿಗೆ ಅನುಕೂಲ. ಆದರೆ ಇದೇ ಕಾರಣಕ್ಕೆ ಕಿರುಮಾದರಿಯನ್ನು ನೋಡಿ ನಿಜದ ಯಂತ್ರ ಎಷ್ಟು ಗಟ್ಟಿಯಾಗಿತ್ತು, ಹೇಗೆ ಹಾರುತ್ತಿತ್ತು ಎಂದು ತೀರ್ಪು ಕೊಡಲಾಗದು. ಆಕಾರವನ್ನು ಅದು ಸರಿಯಾಗಿ ಹೇಳುತ್ತದೆ. ಬಲವನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ಬಣ್ಣದ ಪದರವೂ ಕುಗ್ಗುವುದಿಲ್ಲ. ಕುಂಚದಿಂದ ಬಳಿದ ಬಣ್ಣ 0.05 ಮಿಲಿಮೀಟರ್ ದಪ್ಪವಾದರೆ ನಿಜದ ಲೆಕ್ಕದಲ್ಲಿ ಅದು ಪೌಣೆ ಎರಡು ಮಿಲಿಮೀಟರಿನ ಮೆತ್ತಿಗೆ. ಆದ್ದರಿಂದ ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಕೊಡಬೇಕು. ಸೂಜಿ ಸ್ಟೇನ್‌ಲೆಸ್ ಉಕ್ಕಿನದು. ಮರಳುಕಾಗದದಿಂದ ಉಜ್ಜಿ ಪ್ರೈಮರ್ ಬಳಿಯದಿದ್ದರೆ ಬಣ್ಣ ಹಿಡಿಯದು. ಅದು ಕಾರ್ಖಾನೆಯಲ್ಲಿ ತಯಾರಾದ ನುಣುಪಿನ ಕೊಳವೆ, ನಿಜದ್ದು ಸುತ್ತಿಗೆಯ ಏಟು ತಿಂದದ್ದು. ಪ್ರೈಮರ್ ಪೂರ್ತಿ ಆರುವ ಮೊದಲು ಕುಂಚದ ತುದಿಯಿಂದ ಅಲ್ಲಲ್ಲಿ ತಟ್ಟಿದರೆ ಆ ಏರುತಗ್ಗು ಬರುತ್ತದೆ.

ಕಬ್ಬಿಣ ಎಂದು ಕಡುಗಪ್ಪು ಬಳಿಯುವುದೂ ಸರಿಯಲ್ಲ. 30 ಸೆಂಟಿಮೀಟರ್ ದೂರದಿಂದ ಮಾದರಿಯನ್ನು ನೋಡುವುದು ಎಂದರೆ ನಿಜದ ರಾಕೆಟ್ಟನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದ ಲೆಕ್ಕ. ದೂರ ಹೆಚ್ಚಿದಂತೆ ನಡುವಿನ ಗಾಳಿಯಿಂದಾಗಿ ಬಣ್ಣ ತುಸು ತಿಳಿಯಾಗಿ ಕಾಣುತ್ತದೆ. ಅದಕ್ಕೇ ಅನುಭವಿಗಳು ಕಪ್ಪಿಗೆ ಸ್ವಲ್ಪ ಬೂದು ಬೆರೆಸುತ್ತಾರೆ.

ಸಾಕ್ಷ್ಯ ಪಕ್ಕದ ಜಿಲ್ಲೆಯಲ್ಲೇ ಇದೆ

ಮೈಸೂರು ರಾಕೆಟ್ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ಹೈದರ್ ಅಲಿ 1763ರಲ್ಲಿ ಗೆದ್ದ ಬಿದನೂರು ಇಂದಿನ ನಗರ, ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಊರು. ಅಲ್ಲಿನ ಒಂದು ಹಾಳು ಬಾವಿಯನ್ನು 2018ರಲ್ಲಿ ಪುರಾತತ್ವ ಇಲಾಖೆಯವರು ತೋಡಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಅದಕ್ಕೂ ಮುಂಚೆ 2002ರಲ್ಲಿ ಅದೇ ಊರಿನಲ್ಲಿ ಕೆಲವು ಸಿಕ್ಕಿದ್ದವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯದಲ್ಲಿ ಅವನ್ನು ಇಟ್ಟಿದ್ದಾರೆ. ಹಿರೇಕೆರೂರಿನವರಿಗಂತೂ ಶಿವಮೊಗ್ಗ ಪಕ್ಕದ ಜಿಲ್ಲೆ; ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು.

ಅಲ್ಲಿ ನೋಡುವುದು ಎರಡು ಶತಮಾನ ಕೆಸರಿನಲ್ಲಿದ್ದು ತುಕ್ಕು ಹಿಡಿದ ಕಬ್ಬಿಣ ಎಂಬುದು ನೆನಪಿರಲಿ. ಮಾದರಿಗೆ ಅದೇ ತುಕ್ಕಿನ ಬಣ್ಣ ಬಳಿದರೆ ಅದು ಬಾವಿಯ ರಾಕೆಟ್ಟಾಗುತ್ತದೆ, ದಂಡಿನ ರಾಕೆಟ್ಟಲ್ಲ. ಯಾವ ಕ್ಷಣವನ್ನು ತೋರಿಸುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸಬೇಕು.

ವೂಲಿಚ್‌ಗೆ ಹೋದ ರಾಕೆಟ್‌ಗಳಿಂದ ಏನಾಯಿತು ಎಂಬುದೂ ತಿಳಿಯಬೇಕಾದದ್ದು. ವಿಲಿಯಂ ಕಾಂಗ್ರೀವ್ ಅಲ್ಲಿ ಪ್ರಯೋಗ ನಡೆಸಿ ತನ್ನದೇ ರಾಕೆಟ್ ರೂಪಿಸಿದ. 1806ರಲ್ಲಿ ಫ್ರಾನ್ಸಿನ ಬೊಲೋನ್ ಮೇಲೆ, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಅವು ಹಾರಿದವು. ಕೊಳವೆಯ ಅಳತೆ, ಮದ್ದಿನ ಹದ, ಪ್ರಯೋಗದ ಫಲ ಎಲ್ಲವನ್ನೂ ಬರೆದಿಟ್ಟು ಸುಧಾರಿಸುವ ಪದ್ಧತಿ ಬ್ರಿಟಿಷರ ಕೈಬಲವಾಯಿತು. ರಾಕೆಟ್ ಕಟ್ಟಿದ ನಮ್ಮ ಕಂಬಾರರ ಹೆಸರಾಗಲಿ, ಅವರು ಬರೆದ ನಕ್ಷೆಯಾಗಲಿ ನಮ್ಮ ಕೈಗೆ ಬಂದಿಲ್ಲ. ಅವರ ಜಾಣ್ಮೆಯನ್ನು ನಾವು ಇಂದು ಓದುತ್ತಿರುವುದು ಅವರು ಬಿಟ್ಟುಹೋದ ವಸ್ತುಗಳಲ್ಲಿ, ಅಳೆಯುವ ಮೂಲಕ.

ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರಿನ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಮುಂದಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳಿಂದ ಇಂಥದ್ದೊಂದು ಮಾದರಿ ಮಾಡಿಸಿ. ಎಂಟನೆಯ ತರಗತಿಯ ಮಕ್ಕಳಿಗೆ 1:35 ಕಷ್ಟವಾದರೆ 1:5 ಪ್ರಮಾಣ ತೆಗೆದುಕೊಳ್ಳಿ. ಆಗ ಬಿದಿರು 38 ಸೆಂಟಿಮೀಟರ್, ಕೊಳವೆ 4 ಸೆಂಟಿಮೀಟರ್ ಆಗುತ್ತದೆ, ಕಾಗದ ಸುತ್ತಿಯೇ ಮಾಡಬಹುದು, ಸೂಜಿಯ ಗೊಡವೆ ಇಲ್ಲ. ಒಳಗೆ ಮದ್ದು, ಪಟಾಕಿ ಪುಡಿ ಯಾವತ್ತೂ ತುಂಬಬಾರದು. ಇದು ನೋಡಿ ತಿಳಿಯುವ ಮಾದರಿ, ಹಾರಿಸುವುದಲ್ಲ. ಪಕ್ಕದಲ್ಲಿ ಒಂದು ಚೀಟಿ ಇಡಿಸಿ: ಪ್ರಮಾಣ ಎಷ್ಟು, ಯಾವ ಅಳತೆ ಎಲ್ಲಿಂದ ಬಂತು, ಯಾವುದು ಊಹೆ. ಆ ಚೀಟಿ ಬರೆಯಲು ಕಲಿತ ಮಗು ವಿಜ್ಞಾನವನ್ನೂ ಕಲಿತಿದೆ, ಇತಿಹಾಸವನ್ನೂ ಕಲಿತಿದೆ.