ಪ್ರೀಮಿಯಂ ಏರಿತೇ? ಕ್ಲೇಮ್ ಪಟ್ಟಿ ತರಿಸಿ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಂಬಳ ತಿಂಗಳಿಗೆ 21,000 ರೂಪಾಯಿ ದಾಟಿದವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಗ್ರೂಪ್ ಮೆಡಿಕ್ಲೇಮ್. 100 ರೂಪಾಯಿ ಪ್ರೀಮಿಯಂಗೆ 120 ರೂಪಾಯಿ ಕ್ಲೇಮ್ ಆದರೆ ನವೀಕರಣದಲ್ಲಿ ದರ ಏರಿತೆಂದೇ ಲೆಕ್ಕ. ಅದಕ್ಕೇ ಎಚ್‌ಆರ್‌ನವಳಾದ ನಾನು, ವಿಮಾ ಕಂಪನಿ ಪರವಾಗಿ ಬಿಲ್ಲು ನೋಡುವ ಟಿಪಿಎಯಿಂದ ಕ್ಲೇಮ್ ಪಟ್ಟಿ ತರಿಸುತ್ತೇನೆ. ಹೆಸರಿಲ್ಲದ ಪಟ್ಟಿಯೇ ಬೇಕು. ಯಾರ ಮನೆಯ ಕಾಯಿಲೆ ಯಾವುದೆಂದು ನನಗೇಕೆ?

ಪಟ್ಟಿಯಲ್ಲಿ ಕಂಡ ದೊಡ್ಡ ಬಿಲ್ಲುಗಳು ಹೆಚ್ಚಾಗಿ ನೌಕರರದ್ದಲ್ಲ, ಪಾಲಿಸಿಯಲ್ಲಿರುವ ಅವರ ಅಪ್ಪ-ಅಮ್ಮಂದಿರದ್ದು: ಕಣ್ಣಿನ ಪೊರೆ, ಮಂಡಿಚಿಪ್ಪು, ಸ್ಟೆಂಟ್. ಅದೇ ಪೊರೆ ಆಪರೇಷನ್ನಿಗೆ ಒಂದು ಆಸ್ಪತ್ರೆ ಇನ್ನೊಂದರ ದುಪ್ಪಟ್ಟು ಹಾಕಿತ್ತು! ಹಿರಿಯರನ್ನೇ ಪಾಲಿಸಿಯಿಂದ ಬಿಡೋಣ ಎಂದರು ಫೈನಾನ್ಸ್‌ನವರು. ನಾನು ಒಪ್ಪಲಿಲ್ಲ. ಪೊರೆಗೆ ಮಿತಿ ಹಾಕಿಸಿದೆವು, ಹಿರಿಯರ ಬಿಲ್ಲಿನಲ್ಲಿ ಶೇ. 10 ಕುಟುಂಬದ ಪಾಲು. ಕಾಯಿಲೆ ಬೇಗ ತಿಳಿಯಲೆಂದು ನೌಕರರ ಬಿಪಿ, ಶುಗರ್ ತಪಾಸಣೆ ಈಗ ಕ್ಯಾಂಟೀನ್ ಪಕ್ಕದಲ್ಲೇ ನಡೆಯುತ್ತದೆ, ಊಟಕ್ಕೆ ಮೊದಲು.