ಹಳೇ ಕಂಪ್ಯೂಟರಿಗೂ ಬೇಕು ಕಾವಲು

2020ರಲ್ಲಿ ಕರೋನಾ ಬಂದು ಶಾಲೆಗಳು ಮುಚ್ಚಿದಾಗ, ಮಕ್ಕಳ ಪಾಠಕ್ಕೆಂದು ಎಷ್ಟೋ ಮನೆಗಳಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು. ಬಸವಕಲ್ಯಾಣ, ಹುಮನಾಬಾದಿನಂಥ ನಮ್ಮ ಊರುಗಳಲ್ಲಿ ಅದು ಇನ್ನೂ ಮೂಲೆಯ ಮೇಜಿನ ಮೇಲೆ ಕೂತಿರುತ್ತದೆ. ಮದುವೆಯ ಫೋಟೋ, ಮಕ್ಕಳ ಅಂಕಪಟ್ಟಿ, ಸಂಘದ ಲೆಕ್ಕ, ಎಲ್ಲಾ ಅದರೊಳಗೇ! "ನಡೀತದಲ್ಲ, ಇರಲಿ ಬಿಡ್ರಿ" ಅಂತೀವಿ. ಆದರೆ ನಡೆಯುವುದು ಬೇರೆ, ಭದ್ರವಾಗಿರುವುದು ಬೇರೆ.

ಬಸವಕಲ್ಯಾಣದ ಕೋಟೆಯನ್ನೇ ನೋಡಿ. ಗೋಡೆ ಎಷ್ಟು ದಪ್ಪವಿದ್ದರೇನು, ಒಂದು ಬಾಗಿಲು ಮುರಿದಿದ್ದರೆ ಸಾಕು, ವೈರಿ ಒಳಗೆ. ಕಂಪ್ಯೂಟರಿನಲ್ಲೂ ಆಗಾಗ ಹೊಸ ಬಿರುಕು ಕಾಣಿಸುತ್ತದೆ. ಅದನ್ನು ಮುಚ್ಚಲು ಕಂಪನಿ ಕಳಿಸುವ ತೇಪೆಗೇ 'ಅಪ್‌ಡೇಟ್' ಎನ್ನುವುದು.

2017ರ ಮೇ 12ರಂದು 'ವಾನಾಕ್ರೈ' ಎಂಬ ಪೀಡೆ ಶುರುವಾಗಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಗುಲಿತು. ಒಳಗಿನ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಅದರ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆದ್ದರಿಂದ ಮೊದಲು ನಿಮ್ಮದು ಯಾವ ವಿಂಡೋಸ್ ಎಂದು ಮಕ್ಕಳಿಂದ ಕೇಳಿ ತಿಳಿಯಿರಿ. ವಿಂಡೋಸ್ 7ಕ್ಕೆ ತೇಪೆ ನಿಂತಿದ್ದು 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ ಮಾಮೂಲಿ ತೇಪೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತೇಪೆ ನಿಂತ ಯಂತ್ರವನ್ನು ಬಿಸಾಡಬೇಕಿಲ್ಲ, ಅದರ ಕೆಲಸ ಬದಲಿಸಿದರೆ ಆಯಿತು.

ಬ್ಯಾಂಕು, ಓಟಿಪಿ, ಆಧಾರ್ ವ್ಯವಹಾರ ಅದರಲ್ಲಿ ಬೇಡವೇ ಬೇಡ. ನೆಟ್ ತಂತಿ ತೆಗೆದು ಫೋಟೋ ನೋಡಲು, ಟೈಪ್ ಮಾಡಲು ಇಟ್ಟುಕೊಳ್ಳಿ. ನೆಟ್ ಬೇಕೇ ಬೇಕೆಂದರೆ 'ಲಿನಕ್ಸ್ ಮಿಂಟ್' ಎಂಬ ಉಚಿತ ವ್ಯವಸ್ಥೆ ಹಾಕಿಸಬಹುದು. 4 ಜಿಬಿ ರ್‍ಯಾಮ್ ಇದ್ದರೆ ಚೆನ್ನಾಗಿ ಓಡುತ್ತದೆ, ತೇಪೆಯೂ ಸಿಗುತ್ತದೆ. ಹಾಕಿಸುವ ಮೊದಲು ಒಳಗಿರುವುದೆಲ್ಲ ಬೇರೆಡೆ ನಕಲಾಗಿರಲಿ.

ನಕಲು ಎರಡಿರಲಿ. ಉಪ್ಪಿನಕಾಯಿಯನ್ನು ಎರಡು ಭರಣಿಯಲ್ಲಿ ಇಡುವುದಿಲ್ಲವೇ, ಹಾಗೆ! ನಕಲು ಮಾಡಿದ ಮೇಲೆ ಪೆನ್‌ಡ್ರೈವ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಕಡತಕ್ಕೆ ಬೀಗ ಜಡಿಯುವ ಪೀಡೆ ಅದಕ್ಕೂ ಜಡಿಯುತ್ತದೆ. ಹಳೇ 'ನುಡಿ' ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿಡಿ. ಇಲ್ಲವಾದರೆ ಬೇರೆ ಯಂತ್ರದಲ್ಲಿ ಅರ್ಥವಾಗದ ಗೀಚಾಗಿ ಕಾಣಬಹುದು.

ಇನ್ನು ಧೂಳಿನ ಮಾತು. ನಮ್ಮ ಕಡೆಯ ಬೇಸಿಗೆ, ಧೂಳು ಎರಡೂ ಯಂತ್ರಕ್ಕೆ ಶತ್ರು. ಡಬ್ಬಿಯನ್ನು ನೆಲದ ಮೇಲಿಟ್ಟರೆ ಕಸ ಗುಡಿಸಿದ ಧೂಳೆಲ್ಲ ಅದರೊಳಗೆ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಮೆತ್ತನೆಯ ಒಣ ಬ್ರಷ್ಷಿನಿಂದ ಝಾಡಿಸಿ. ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿಯಿರಿ. ಒದ್ದೆ ಬಟ್ಟೆ ಬೇಡ. ಕರೆಂಟು ಅದು ಕೊಡುವ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಗುಡುಗು ಶುರುವಾದರೆ ಪ್ಲಗ್ಗೂ ನೆಟ್ ತಂತಿಯೂ ಹೊರಗಿರಲಿ.

ಹಚ್ಚಿದಾಗಲೆಲ್ಲ ತಾರೀಖು ತಪ್ಪು ತೋರಿಸುತ್ತಿದೆಯೇ? ಒಳಗಿನ ನಾಣ್ಯದಂಥ ಸೆಲ್ ಮುಗಿದಿರುತ್ತದೆ. ಸಾಮಾನ್ಯವಾಗಿ ಅದು ಸಿ.ಆರ್. 2032. ತಾರೀಖು ತಪ್ಪಿದ್ದರೆ ಎಷ್ಟೋ ಜಾಲತಾಣ 'ಭದ್ರವಿಲ್ಲ' ಎಂದು ತೆರೆಯುವುದೇ ಇಲ್ಲ. ಸೆಲ್ ಬದಲಿಸಿದರೆ ಸರಿಹೋದೀತು.

ಪರದೆಯ ಮೇಲೆ "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಬಂದರೆ ಮಾಡಬೇಡಿ. ಕಂಪನಿಯವರೆಂದು ಹೇಳಿ 'ಎನಿಡೆಸ್ಕ್'ನಂಥದ್ದು ಹಾಕಿಸಿಕೊಳ್ಳಲು ಹೇಳುವವರು ನಿಮ್ಮ ಮನೆಯ ಕೀಲಿಕೈ ಕೇಳಿದಂತೆಯೇ. ಯಂತ್ರ ಮಾರುವಾಗ ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ. ಡಿಲೀಟ್ ಮಾಡಿದ್ದನ್ನೂ ತಿರುಗಿ ತೆಗೆಯುವವರಿದ್ದಾರೆ.

ಹಣ ಹೋದರೆ ನಾಚಿಕೊಂಡು ಸುಮ್ಮನಿರಬೇಡಿ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕದಲ್ಲೇ 1930 ಎಂದು ಇವತ್ತೇ ಗೋಡೆಗೆ ಬರೆದು ಅಂಟಿಸಿ.