ಕಳವು ಒಂದು ಕಡೆ, ನಷ್ಟ ಇನ್ನೊಂದು ಕಡೆ

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್, ವಾರಕ್ಕೆ ಇಂತಿಷ್ಟೇ ಗಂಟೆ ಎಂಬ ಮಿತಿ. ಆ ಸಮಯ ಸಾಲದೆ ಹೋದಾಗ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೋರಿಕೆ ಸಲ್ಲಿಸಿದ. ಅದು ಮರುಮಾತಿಲ್ಲದೆ ಮುದ್ರಿಸಿಕೊಟ್ಟಿತು. ಯಾರ ಪಾಸ್‌ವರ್ಡನ್ನೂ ಊಹಿಸುವ ಕಷ್ಟ ಅವನಿಗೆ ಬರಲಿಲ್ಲ.

ಇಂದಿನ ಹ್ಯಾಕರ್‌ಗಳೂ ನಮ್ಮ ಮುಂದೆ ಕೂತು ಪಾಸ್‌ವರ್ಡ್ ಊಹಿಸುವುದು ಕಡಿಮೆ. ಯಾವುದೋ ಜಾಲತಾಣದ ಇಡೀ ಪಟ್ಟಿಯನ್ನು ಅವರು ಕದಿಯುತ್ತಾರೆ. 2009ರಲ್ಲಿ ‘ರಾಕ್‌ಯೂ’ ಎಂಬ ಸಂಸ್ಥೆಯಿಂದ ಹೀಗೆ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿಹೋದವು. ಅವುಗಳಲ್ಲಿ ಅತಿ ಹೆಚ್ಚು ಜನ ಬಳಸಿದ್ದು 123456.

ರಾಕ್‌ಯೂ ಪಾಸ್‌ವರ್ಡ್‌ಗಳನ್ನು ಇದ್ದಂತೆಯೇ ಬರೆದಿಟ್ಟಿತ್ತು. ಎಚ್ಚರವಿರುವ ಸಂಸ್ಥೆಗಳು ಅವನ್ನು ‘ಹ್ಯಾಷ್’ ಮಾಡಿ ಇಡುತ್ತವೆ. ಅಕ್ಕಿಯನ್ನು ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾಗದು. ಹ್ಯಾಷ್ ಕೂಡ ಹಾಗೆಯೇ, ಹಿಂದಕ್ಕೆ ತಿರುಗದ ಗಣಿತ. ಹಾಗಾಗಿ ಕಳ್ಳ ಸಾಲುಸಾಲಾಗಿ ಪದಗಳನ್ನು ಹ್ಯಾಷ್ ಮಾಡಿ, ಕದ್ದ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತಾನೆ. ಹ್ಯಾಷ್ ವಿಧಾನ ಹಳೆಯದಾಗಿದ್ದರೆ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಊಹೆಗಳು ಈಗ ಕಷ್ಟವಲ್ಲ. ಆ ವೇಗದಲ್ಲಿ ಇಂಗ್ಲಿಷಿನ 8 ಸಣ್ಣಕ್ಷರಗಳ ಎಲ್ಲ ಜೋಡಣೆಗಳೂ ಎರಡು ಸೆಕೆಂಡಿನಲ್ಲಿ ಮುಗಿಯುತ್ತವೆ. 12 ಅಕ್ಷರಗಳಾದರೆ 11 ದಿನ. 16 ಆದರೆ 13 ಸಾವಿರ ವರ್ಷಗಳಿಗೂ ಹೆಚ್ಚು! ಚಿಹ್ನೆಗಳ ಕಸರತ್ತಿಗಿಂತ ಉದ್ದ ಮುಖ್ಯ ಎನ್ನುವುದು ಇದಕ್ಕೇ. ಆದರೆ ಈ ಲೆಕ್ಕ ಅಡ್ಡಾದಿಡ್ಡಿ ಆಯ್ದ ಅಕ್ಷರಗಳಿಗೆ ಮಾತ್ರ. ಮಗಳ ಹೆಸರು, ಹುಟ್ಟಿದ ವರ್ಷಗಳನ್ನು ಕಳ್ಳ ಮೊದಲೇ ಪರೀಕ್ಷಿಸಿರುತ್ತಾನೆ.

ನಿಜವಾದ ಅಪಾಯ ಮುಂದಿನ ಹೆಜ್ಜೆಯಲ್ಲಿದೆ. ಸಿಕ್ಕ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಜೋಡಿಯನ್ನು ತಂತ್ರಾಂಶವೊಂದು ಇಮೇಲ್, ಶಾಪಿಂಗ್, ಸಾಮಾಜಿಕ ಜಾಲತಾಣಗಳಲ್ಲೆಲ್ಲ ಹಾಕಿ ನೋಡುತ್ತದೆ. ಎಂದೋ ನೋಂದಾಯಿಸಿ ಮರೆತ ಆಟದ ತಾಣದಲ್ಲಿ ಕಳವಾದದ್ದು ನಿಮ್ಮ ಇಮೇಲನ್ನು ತೆರೆಯುವುದು ಹೀಗೆ. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇದ್ದರೆ ಕಳವು ಆ ಒಂದು ತಾಣದಲ್ಲೇ ನಿಲ್ಲುತ್ತದೆ. ಅಷ್ಟನ್ನೂ ನೆನಪಿಡುವ ಕೆಲಸವನ್ನು ‘ಪಾಸ್‌ವರ್ಡ್ ಮ್ಯಾನೇಜರ್’ಗೆ ಬಿಡಬಹುದು.

ಒಟಿಪಿ ಇದೆಯಲ್ಲ ಎನ್ನಬಹುದು. ಆದರೆ ನಕಲಿ ಬ್ಯಾಂಕ್ ಪುಟ ಸೃಷ್ಟಿಸಿದವನು ನೀವು ಅಲ್ಲಿ ಟೈಪಿಸಿದ ಒಟಿಪಿಯನ್ನು ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸುತ್ತಾನೆ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಕಡತದ್ದು ಇನ್ನೊಂದು ದಾರಿ. ಅದು ಚಿತ್ರವಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿಗಾಗಿ ನಿಮ್ಮನ್ನು ಕೇಳುವ ಅಗತ್ಯವೇ ಕಳ್ಳನಿಗಿಲ್ಲ.

ನಕಲಿ ಪುಟ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ, ಗಣಿತಕ್ಕಲ್ಲ. ‘ಪಾಸ್‌ಕೀ’ ಎಂಬ ಹೊಸ ವ್ಯವಸ್ಥೆ ನಿಂತಿರುವುದು ಈ ತತ್ವದ ಮೇಲೆ. ಇದರಲ್ಲಿ ಗುಟ್ಟಿನ ಸಂಖ್ಯೆಯನ್ನು ತಾಣಕ್ಕೆ ಒಪ್ಪಿಸುವುದೇ ಇಲ್ಲ. ತಾಣದ ವಿಳಾಸ ಅಸಲಿಯಾಗಿದ್ದರೆ ಮಾತ್ರ ಸಾಧನವು ಡಿಜಿಟಲ್ ಸಹಿ ಹಾಕುತ್ತದೆ. ಪಾಸ್‌ವರ್ಡ್ ಮ್ಯಾನೇಜರ್ ಕೂಡ ವಿಳಾಸ ನೋಡಿಯೇ ಪಾಸ್‌ವರ್ಡ್ ತುಂಬುತ್ತದೆ. ಎಂದಿನಂತೆ ಅದು ತಾನಾಗಿ ತುಂಬದಿದ್ದರೆ ಕೈಯಾರೆ ಟೈಪಿಸುವ ಮುನ್ನ ವಿಳಾಸವನ್ನೊಮ್ಮೆ ಓದಿ.

ಎಲ್ಲವನ್ನೂ ಒಂದೇ ದಿನ ಸರಿಪಡಿಸಬೇಕಿಲ್ಲ. ಮೊದಲು ಇಮೇಲ್ ಖಾತೆಗೆ ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.